ಗಾಲಿಗಳ ಹಿರಿತನ

ತಾರತಮ್ಯವೆಂಬದು ಮನುಷ್ಯನ ಸಂಗಡಲೇ ಹುಟ್ಟಿದ್ದು. ನಾಲ್ಕು ಜನ ಕೂಡಿದಲ್ಲಿ ಇವನು ಹಿರಿಯನು, ಇವನು ಕಿರಿಯನು ಎಂಬ ಎಣಿಕೆಯು ಕರೆಯದೆಯೇ ಬಂದು ನಡುವೆ ಕೂಡ್ರುವದು. ಮೂವತ್ತು ವರ್ಷಕ್ಕೆ ಮಿಕ್ಕಿ ಸಾಲೆಯ ಚಾಕರಿ ಮಾಡಿದ ನಮಗೆ ಇದರ ಅನುಭವವು ಸಾಕಷ್ಟು ಉಂಟು. ಮುಖ್ಯಾಧ್ಯಾಪಕರ ಕುರ್ಚಿಗೆ ಎರಡು ಕೈಗಳಿರುವವು. ಗಣಿತದ ಮಾಸ್ತರರ ಕುರ್ಚಿಗೆ ಬೆನ್ನು ಮಾತ್ರ ಇರುವದು. ಸಂಸ್ಕೃತದ ಮಾಸ್ತರನ ಪಾಲಿಗೆ ಬಂದ ಕುರ್ಚಿಯ ಒಂದು ಕಾಲು ಸಾಮಾನ್ಯವಾಗಿ ಕುಂಟಾಗಿರುವದು. ಇಷ್ಟೆಲ್ಲ ಕಂಡವರಾದರೂ, ಲಾರಿಯ ಡ್ರೈವರರಲ್ಲಿ ಇರುವಷ್ಟು ಸೂಕ್ಷ್ಮವಾದ ಮೇಲು-ಕೀಳಿನ ಲೆಕ್ಕವನ್ನು ನಾವು ಬೇರೆ ಯಾವ ವೃತ್ತಿಯಲ್ಲಿಯೂ ಕಂಡಿಲ್ಲ.

ಸಂಸ್ಕೃತದ ಮಾಸ್ತರನಿಗೂ ಲಾರಿಗೂ ಏನು ಸಂಬಂಧವೆಂದು ವಾಚಕರು ನಗಬಹುದು. ಸಂಬಂಧವುಂಟು. ನಮ್ಮ ಚಾಕರಿಯೆಲ್ಲವೂ ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ ಈ ನಾಲ್ಕು ತಾಲೂಕುಗಳಲ್ಲಿಯೇ ಕಳೆಯಿತು. ಮೊದಲು ಇವು ಧಾರವಾಡ ಜಿಲ್ಲೆಗೆ ಸೇರಿದ್ದವು. ೧೯೯೭ರಿಂದ ಹಾವೇರಿ ಜಿಲ್ಲೆಯಲ್ಲಿ ಇರುವವು. ರಾಮಶಬ್ದದ ಷಷ್ಠೀ ವಿಭಕ್ತಿಯು ಎಷ್ಟು ಹೊಡೆದರೂ ಬಾಯಿಗೆ ಬಾರದ ಹುಡುಗರು ಕಡೆಯ ಬೆಂಚಿನಲ್ಲಿ ಕುಳಿತು, ಕಿಡಿಕಿಯ ಹೊರಗೆ ಹೋಗುವ ಲಾರಿಯ ಸಪ್ಪಳದ ಮೇಲಿಂದಲೇ ಇದು ಟಾಟಾ, ಇದು ಲೇಲ್ಯಾಂಡ್ ಎಂದು ತಪ್ಪದೆ ಹೇಳುತ್ತಿದ್ದರು. ಆ ವಿದ್ಯೆಯನ್ನು ಪರೀಕ್ಷಿಸುವ ಪ್ರಶ್ನಪತ್ರಿಕೆಯು ನಮ್ಮಲ್ಲಿ ಇರಲಿಲ್ಲ. ಅವರಲ್ಲಿ ಅನೇಕರು ಇಂದು ಅದೇ ವಿದ್ಯೆಯಿಂದ ಹೊಟ್ಟೆ ಹೊರೆಯುತ್ತಿರುವರು. ದಾರಿಯಲ್ಲಿ ನಮ್ಮನ್ನು ಕಂಡರೆ ಗಾಡಿಯನ್ನು ಮಗ್ಗುಲಿಗೆ ಹಾಕಿ, ಕೆಳಗಿಳಿದು, ಚಹಾ ಕುಡಿಸದೆ ಬಿಡುವದಿಲ್ಲ. ನಿವೃತ್ತರಾದ ಮೇಲೆ ನಮಗೂ ಅವರ ಮಾತು ಕೇಳಲಿಕ್ಕೆ ಬೇಕಾದಷ್ಟು ವೇಳೆ ದೊರೆತಿರುವದು.

ಅವರ ಜಾತಿಭೇದದ ಮೊದಲನೆಯ ಗೆರೆಯು ‘ಲೈನ್’ ಮತ್ತು ‘ಲೋಕಲ್’ ಎಂಬದು. ಪುಣೆ-ಬೆಂಗಳೂರ ಹೆದ್ದಾರಿಯು ಶಿಗ್ಗಾಂವಿ ತಾಲೂಕನ್ನು ಸೀಳಿಕೊಂಡು ಹೋಗಿರುವದು. ಹಾನಗಲ್ಲವು ಅದರ ಪಶ್ಚಿಮಕ್ಕೆ ಕಾಡಿನ ಅಂಚಿನಲ್ಲಿ, ಸವಣೂರವು ಪೂರ್ವಕ್ಕೆ ಎರೆಯ ಸೀಮೆಯ ಕಡೆಗೆ, ಹಿರೇಕೆರೂರವು ದಕ್ಷಿಣಕ್ಕೆ ಶಿವಮೊಗ್ಗೆಯ ಗಡಿಯ ಹತ್ತಿರ ಒಳಗೆ ಸರಿದು ಕುಳಿತಿರುವವು. ಹೆದ್ದಾರಿಯನ್ನು ಹಿಡಿದು ರಾಜ್ಯದಿಂದ ರಾಜ್ಯಕ್ಕೆ ಹೋಗುವವನು ಲೈನಿನವನು. ಊರಿಂದೂರಿಗೆ, ಸಂತೆಯಿಂದ ಸಂತೆಗೆ ಹೊಡೆಯುವವನು ಲೋಕಲ್. ಲೈನಿನವನು ಹಿಂದಿಯಲ್ಲಿ ಬಯ್ಯಬಲ್ಲನು, ಐದು ರಾಜ್ಯಗಳ ಊಟ ಉಂಡಿರುವನು, ನಾಮಕ್ಕಲ್ಲಿನ ಡ್ರೈವರನ ಸಂಗಡ ತಮಿಳಿನಲ್ಲಿ ನಾಲ್ಕು ಮಾತಾಡಬಲ್ಲನು. ಲೋಕಲಿನವನನ್ನು ಅವನು ಕಾಣುವ ಬಗೆಯು ಕಾಶಿಗೆ ಹೋಗಿ ಬಂದವನು ಊರ ಹಳ್ಳದಲ್ಲಿ ಮೀಯುವವನನ್ನು ಕಾಣುವಂತೆ ಇರುವದು.

ಎರಡನೆಯ ಲೆಕ್ಕವು ಗಾಲಿಗಳದು. ಆರು ಗಾಲಿ, ಹತ್ತು ಗಾಲಿ, ಹನ್ನೆರಡು, ಹದಿನಾಲ್ಕು, ಹದಿನಾರು. ಅದರ ಮೇಲೆ ಟ್ರೇಲರು. ಹತ್ತು ಗಾಲಿಯದಕ್ಕೆ ಇವರು ಟಾರಸ್ ಎನ್ನುವರು. ಅದು ಒಂದು ಕಂಪನಿಯವರು ತಮ್ಮ ಗಾಡಿಗೆ ಇಟ್ಟ ಹೆಸರು, ಈಗ ಕುಲದ ಹೆಸರೇ ಆಗಿಬಿಟ್ಟಿದೆ. ಟಿಪ್ಪರಿನವನು ಬೇರೆಯೇ ಪಂಕ್ತಿ. ಬಳ್ಳಾರಿಯ ಗಣಿಗಳು ನಡೆದಾಗ ಅವನ ತಲೆಯು ಆಕಾಶಕ್ಕೆ ಹತ್ತಿತ್ತು; ೨೦೧೧ರಲ್ಲಿ ಸುಪ್ರೀಂ ಕೋರ್ಟು ಅಲ್ಲಿಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಅದೇ ತಲೆಯು ಕೆಳಗೆ ಬಾಗಿತು. ಎಲ್ಲರ ಕೆಳಗೆ ೨೦೦೫ರಲ್ಲಿ ಬಂದ ‘ಚೋಟಾ ಹಾಥಿ’, ಎಂದರೆ ಟಾಟಾ ಏಸ್ ಎಂಬ ನಾಲ್ಕು ಗಾಲಿಯ ಚಿಕ್ಕ ಗಾಡಿ. ಅದನ್ನು ನಡೆಸುವವನನ್ನು ಡ್ರೈವರನೆಂದು ಕರೆಯಬೇಕೋ ಬೇಡವೋ ಎಂಬ ವಿಷಯದಲ್ಲಿ ದೊಡ್ಡ ಗಾಡಿಯವರಲ್ಲಿ ಒಮ್ಮತವಿಲ್ಲ.

ಸರಕಾರವೂ ಈ ಲೆಕ್ಕಕ್ಕೆ ತನ್ನ ಮುದ್ರೆಯನ್ನು ಒತ್ತಿರುವದು. ೨೦೧೮ರ ಜುಲೈಯಲ್ಲಿ ಕೇಂದ್ರ ಸರಕಾರವು ಗಾಡಿ ಮತ್ತು ಹೇರು ಕೂಡಿ ಇರಬಹುದಾದ ತೂಕವನ್ನು ಏರಿಸಿತು. ಆರು ಗಾಲಿಯದು ೧೬.೨ ಟನ್ನಿನಿಂದ ೧೮.೫ ಟನ್ನಿಗೆ, ಹತ್ತು ಗಾಲಿಯದು ೨೫ರಿಂದ ೨೮.೫ಕ್ಕೆ, ಐದು ಅಚ್ಚಿನ ಹದಿನಾಲ್ಕು ಗಾಲಿಯದು ೩೭ರಿಂದ ೪೩.೫ಕ್ಕೆ ಏರಿದವು. ಎಲ್ಲರಿಗೂ ಬಡ್ತಿ ದೊರೆಯಿತಾದರೂ ಕೆಳಗಿನವನಿಗೆ ಎರಡು ಚಿಲ್ಲರೆ ಟನ್ನು, ಮೇಲಿನವನಿಗೆ ಆರೂವರೆ ಟನ್ನು. ವೇತನ ಆಯೋಗಗಳ ವರದಿಯನ್ನು ಓದಿದವರಿಗೆ ಇದರಲ್ಲಿ ಹೊಸದೇನೂ ತೋರದು. ಮುಂದೆ ೨೦೨೪ರ ನವೆಂಬರ ೬ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠವು, ಹಗುರ ವಾಹನದ ಲೈಸನ್ಸ್ ಇದ್ದವನು ೭,೫೦೦ ಕಿಲೋಗ್ರಾಮಿನ ಒಳಗಿನ ಸಾಗಾಟದ ಗಾಡಿಯನ್ನೂ ನಡೆಸಬಹುದೆಂದು ತೀರ್ಪು ಕೊಟ್ಟಿತು. ಆ ದಿವಸ ಹಾನಗಲ್ಲಿನ ನಮ್ಮ ಒಬ್ಬ ಶಿಷ್ಯನು, ಚೋಟಾ ಹಾಥಿಯ ಒಡೆಯನು, ನಮಗೆ ಪೇಢೆ ತಂದು ಕೊಟ್ಟನು. ಹತ್ತು ಗಾಲಿಯ ಇನ್ನೊಬ್ಬ ಶಿಷ್ಯನು ಆ ಪೇಢೆಯನ್ನು ತಿಂದು, “ಏಳೂವರಿ ಟನ್ನಿನ ಒಳಗ ಏನಾದರೂ ಹೊಡಕೊಳ್ರಿ, ಅದರ ಮ್ಯಾಲೆ ಬರಬ್ಯಾಡ್ರಿ” ಎಂದನು.

ಇಂಥ ಮಾತು ಕೇಳಿದಾಗಲೆಲ್ಲ ನಮಗೆ ಉದ್ಯೋಗಪರ್ವದ ಒಂದು ಪ್ರಸಂಗವು ನೆನಪಿಗೆ ಬರುವದು. ಯುದ್ಧಕ್ಕೆ ಮುಂಚೆ ದುರ್ಯೋಧನನು ಕೇಳಲಾಗಿ ಭೀಷ್ಮನು ಎರಡೂ ಪಕ್ಷದ ವೀರರನ್ನು ರಥ, ಅತಿರಥ, ಮಹಾರಥರೆಂದು ಎಣಿಸುತ್ತ ಬಂದು, ಕರ್ಣನ ಸರತಿ ಬಂದಾಗ ಅವನನ್ನು ಅರ್ಧರಥನೆಂದು ಬಿಟ್ಟನು. ದ್ರೋಣನು ತಲೆದೂಗಿದನು. ಕರ್ಣನಾದರೋ ಭೀಷ್ಮನು ಬೀಳುವ ವರೆಗೆ ತಾನು ಆಯುಧ ಹಿಡಿಯೆನೆಂದು ದೂರ ಸರಿದನು. ಹತ್ತು ದಿವಸದ ಯುದ್ಧವು ಒಂದು ಶಬ್ದದ ದೆಸೆಯಿಂದ ಅವನಿಲ್ಲದೆ ನಡೆಯಿತು. ಆ ಒಂದು ಶಬ್ದದ ತೂಕವನ್ನು ಯಾವ ಕಾಟಾದ ಮೇಲೆ ತೂಗುವದು? ಅದೇ ಕರ್ಣನಿಗೆ ಮುಂದೆ ಶಲ್ಯನು ಸಾರಥಿಯಾದನಷ್ಟೆ. ಅರಸನಾದ ತಾನು ಸೂತನ ಮಗನ ರಥ ಹೊಡೆಯಬೇಕೇ ಎಂಬ ಅವನ ಉರಿಯು ಕಡೆಯ ವರೆಗೆ ಆರಲಿಲ್ಲ. ಕ್ಯಾಬಿನ್ನಿನೊಳಗೆ ಇಬ್ಬರು ಒಬ್ಬರೊಬ್ಬರನ್ನು ಹಳಿಯುತ್ತ ಕುಳಿತರೆ ಗಾಡಿಯ ಗತಿ ಏನಾಗುವದೆಂಬದು ಕರ್ಣಪರ್ವವನ್ನು ಓದಿದವರಿಗೆ ಗೊತ್ತು.

ಈಗ ನಮ್ಮ ಇಬ್ಬರು ಶಿಷ್ಯರ ವಿಷಯವನ್ನು ಹೇಳಬೇಕಾಗಿದೆ. ಒಬ್ಬನು ಹಿರೇಕೆರೂರಿನವನು; ಹದಿನಾಲ್ಕು ಗಾಲಿಯ ಕಂಪನಿಯ ಗಾಡಿಯ ಮೇಲೆ ಇರುವನು; ಗೋವಿನಜೋಳ, ಅರಳೆ, ಕಬ್ಬಿಣ ಹೇರಿಕೊಂಡು ಪುಣೆ, ಮುಂಬಯಿ, ಒಮ್ಮೊಮ್ಮೆ ಗುಜರಾಥದ ವರೆಗೂ ಹೋಗುವನು. ಇನ್ನೊಬ್ಬನು ಸವಣೂರಿನವನು, ಆರು ಗಾಲಿಯ ಸ್ವಂತ ಗಾಡಿಯುಳ್ಳವನು, ತನ್ನೂರಿನ ಹೆಸರಾದ ವೀಳ್ಯದೆಲೆಯನ್ನೂ, ಕಾಯಿಪಲ್ಲೆಯನ್ನೂ ಹುಬ್ಬಳ್ಳಿಗೆ, ಘಟ್ಟದ ಕೆಳಗಿನ ಸಂತೆಗಳಿಗೆ ಮುಟ್ಟಿಸುವನು. ಇಬ್ಬರೂ ಬೇರೆ ಬೇರೆ ಸಾಲೆಯಲ್ಲಿ ನಮ್ಮ ಕೈಯಲ್ಲಿ ಕಲಿತವರು. ಪರಸ್ಪರ ಪರಿಚಯವಾದದ್ದು ದಾರಿಯ ಮೇಲೆ. ಶಿಗ್ಗಾಂವಿ ತಾಲೂಕಿನ ತಡಸದ ಕ್ರಾಸಿನ ಹತ್ತಿರ ಲಾರಿಯವರು ಉಣ್ಣುವ ಒಂದು ಹೊಟೆಲು ಉಂಟು. ಅಲ್ಲಿ ಹೊರಸುಗಳ ಮೇಲೆ ಕೂಡ್ರುವದರಲ್ಲಿಯೂ ಪಂಕ್ತಿಯಿರುವದು; ದೊಡ್ಡ ಗಾಡಿಯವರು ಫ್ಯಾನಿನ ಕೆಳಗೆ, ಸಣ್ಣ ಗಾಡಿಯವರು ಕಟ್ಟೆಯ ಮೇಲೆ. ಯಾರೂ ಬೋರ್ಡು ಹಾಕಿಲ್ಲ.

ಹೋದ ಮಳೆಗಾಲದ ಮುಂದೆ ಒಂದು ದಿವಸ ನಾವು ಮುಂಡಗೋಡಿನಿಂದ ಬರುವಾಗ ಅಲ್ಲಿ ಇಬ್ಬರೂ ಒಟ್ಟಿಗೇ ಸಿಕ್ಕರು. ೨೦೨೫ರ ಅಕ್ಟೋಬರ ೧ರಿಂದ ತಯಾರಾಗುವ ಎಲ್ಲ ಮಧ್ಯಮ ಮತ್ತು ಭಾರೀ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಇರಲೇಬೇಕೆಂದು ಸರಕಾರವು ನಿಯಮ ಮಾಡಿರುವದಷ್ಟೆ. ಹಿರೇಕೆರೂರಿನವನಿಗೆ ಅಂಥ ಹೊಸ ಗಾಡಿಯೇ ದೊರೆತಿತ್ತು. ಅದರ ವರ್ಣನೆಯು ಮುಗಿದ ಮೇಲೆ ಅವನು ಗೆಳೆಯನ ಕಡೆಗೆ ತಿರುಗಿ, “ಏನಪಾ ಎಲಿಗಾಡಿ, ಆರು ಗಾಲಿ ಮ್ಯಾಲೆ ಇನ್ನೂ ಎಷ್ಟು ವರ್ಷ ಉರುಳಾಂವ?” ಎಂದನು. ಸವಣೂರಿನವನು ಊಟವನ್ನು ನಿಲ್ಲಿಸದೆಯೇ, “ನಿನ್ನ ಗೊಂಜಾಳ ಎರಡು ದಿವಸ ತಡಾ ಆದರೂ ಗೊಂಜಾಳನ. ನನ್ನ ಎಲಿ ಎರಡು ತಾಸು ತಡಾ ಆದರ ದನಾ ಸೈತ ಮೂಸಂಗಿಲ್ಲ. ನೀ ತೂಕಾ ಹೊರತಿ, ನಾ ಹೊತ್ತು ಹೊರತೇನಿ” ಎಂದನು. ಸುತ್ತಲಿನವರು ನಕ್ಕರು. ದೊಡ್ಡ ಗಾಡಿಯವನ ಮುಖವು ಚಿಕ್ಕದಾಯಿತು.

ಇವರ ಈ ವಾದವನ್ನು ಕೇಳುತ್ತಿದ್ದ ಹಾಗೆ ನಮಗೆ ಅದೇ ತಾಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು ಜ್ಞಾಪಕಕ್ಕೆ ಬಂದರು. ಅವರ ರಾಮಧಾನ್ಯ ಚರಿತ್ರೆಯಲ್ಲಿ ನೆಲ್ಲಿಗೂ ರಾಗಿಗೂ ನಾ ಹೆಚ್ಚು ತಾ ಹೆಚ್ಚು ಎಂದು ಜಗಳ ಹತ್ತುವದು. ಶ್ರೀರಾಮನು ತೀರ್ಪನ್ನು ತಡೆದು ಎರಡನ್ನೂ ಆರು ತಿಂಗಳು ಸೆರೆಯಲ್ಲಿ ಇಡಿಸುವನು. ನೆಲ್ಲು ಸೊರಗುವದು, ರಾಗಿ ಕೆಡದೆ ಉಳಿದು ಗೆಲ್ಲುವದು. ಉಳ್ಳವರ ಧಾನ್ಯಕ್ಕೆ ಬಡವರ ಧಾನ್ಯವನ್ನು ಎದುರು ನಿಲ್ಲಿಸಿದ ಆ ಧೈರ್ಯವು ದೊಡ್ಡದು. ಆದರೆ ಲಾರಿಯವರ ವ್ಯಾಜ್ಯವನ್ನು ಆ ರೀತಿಯಿಂದ ತೀರಿಸಲಿಕ್ಕೆ ಬರುವದಿಲ್ಲ. ಕೆಡದೆ ಉಳಿಯುವದೇ ಹೆಚ್ಚಳವೆಂದರೆ ಗೋವಿನಜೋಳದವನು ಗೆಲ್ಲುವನು. ಕೆಡುವದನ್ನು ಕೆಡುವ ಮುಂಚೆ ಮುಟ್ಟಿಸುವದು ಹೆಚ್ಚಳವೆಂದರೆ ಎಲೆಯವನು ಗೆಲ್ಲುವನು. ಇಬ್ಬರಲ್ಲಿ ಯಾರೂ ಹೇರನ್ನು ಬೆಳೆದವರಲ್ಲ, ಕೊಂಡವರಲ್ಲ. ಒಬ್ಬನಂತೂ ಗಾಡಿಯ ಒಡೆಯನೂ ಅಲ್ಲ. ಎರವಿನ ಹಿರಿತನವು ಸ್ವಂತದ್ದಕ್ಕಿಂತ ಯಾವಾಗಲೂ ಹೆಚ್ಚು ಮಿರುಗುವದು.

ಗೃಹಿಣಿಯರಾದ ವಾಚಕಿಯರಿಗೆ ಈ ಲೆಕ್ಕವು ಮನೆಯ ಒಳಗೆ ಹೇಗೆ ತಲೆಕೆಳಗಾಗುವದೆಂಬದನ್ನು ಹೇಳದೆ ಮುಂದೆ ಹೋಗಲಾರೆವು. ಹಾನಗಲ್ಲ ತಾಲೂಕಿನ ಒಂದು ಹಳ್ಳಿಯಲ್ಲಿ ಕನ್ಯಾ ನೋಡುವ ಕಾರ್ಯಕ್ಕೆ ನಮ್ಮನ್ನು ಹಿರಿಯರೆಂದು ಕರೆದಿದ್ದರು. ವರನು ಮೇಲೆ ಹೇಳಿದ ಪೇಢೆಯ ಶಿಷ್ಯನ ತಮ್ಮ. ಅಣ್ಣನ ಚೋಟಾ ಹಾಥಿಯನ್ನು ನಡೆಸುವನು. ಕನ್ಯೆಯ ಕಾಕನು ಟಾರಸಿನ ಡ್ರೈವರನು. ಹಿಂದಕ್ಕೆ ಎಷ್ಟು ಎಕರೆ ಎಂದು ಕೇಳುತ್ತಿದ್ದ ಜಾಗದಲ್ಲಿ ಅವನು, “ಎಷ್ಟು ಗಾಲಿ?” ಎಂದು ಕೇಳಿದನು. “ನಾಲ್ಕು” ಎಂದು ಉತ್ತರ ಬಂತು. ಪಡಸಾಲೆಯಲ್ಲಿ ಯಾರೂ ಮಾತಾಡಲಿಲ್ಲ. ಅವಲಕ್ಕಿಯ ತಾಟಿನ ಸಪ್ಪಳವಷ್ಟೇ ಕೇಳಿಸಿತು. ಆಗ ಒಳಗಿನಿಂದ ಕನ್ಯೆಯ ತಾಯಿಯು ಬಾಗಿಲ ಮರೆಗೆ ಬಂದು ಒಂದೇ ಒಂದು ಪ್ರಶ್ನೆಯನ್ನು ಕೇಳಿದಳು: “ರಾತ್ರಿ ಮನೀಗೆ ಬರತಾನೇನು?” ದಿನಾಲು ಬರುವನೆಂದು ಹೇಳಿದರು. ಅವಳ ಗಂಡನು ಇಪ್ಪತ್ತು ವರ್ಷ ಲೈನಿನ ಮೇಲೆ ಇದ್ದವನು. ಮಗಳು ಹುಟ್ಟಿದ ಹನ್ನೆರಡು ದಿವಸಕ್ಕೆ ಮುಖ ನೋಡಿದವನು. ಸಂಬಂಧವು ಅಂದೇ ನಿಶ್ಚಯವಾಯಿತು. ಕಾಕನು ಮಾತ್ರ ಚಹಾ ಕುಡಿಯದೆ ಎದ್ದನು.

ಕಾಯಿದೆಯೂ ಆ ತಾಯಿಯ ಪಕ್ಷವನ್ನೇ ಹಿಡಿಯುವದು. ೨೦೨೫ರ ವರೆಗೆ ಜಾರಿಯಲ್ಲಿದ್ದ ೧೯೬೧ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ದಿವಸಕ್ಕೆ ಎಂಟು ತಾಸು, ವಾರಕ್ಕೆ ನಲವತ್ತೆಂಟು ತಾಸಿನ ದುಡಿತವನ್ನು ಗೊತ್ತುಮಾಡಿತ್ತು. ಈ ಮಾತನ್ನು ನಾವು ಹೊಟೆಲಿನಲ್ಲಿ ಹೇಳಿದಾಗ ಫ್ಯಾನಿನ ಕೆಳಗಿನವರೂ ಕಟ್ಟೆಯ ಮೇಲಿನವರೂ ಒಂದೇ ಸವನೆ ನಕ್ಕರು. ಅವರು ಒಗ್ಗಟ್ಟಾದ ಅಪೂರ್ವ ಸಂದರ್ಭಗಳಲ್ಲಿ ಅದೊಂದು. ನಿದ್ದೆ ತಡೆಯಲಾರದೆ ಹೆದ್ದಾರಿಯ ಮಗ್ಗುಲಿಗೆ ಗಾಡಿ ನಿಲ್ಲಿಸುವದು, ನಿಂತ ಗಾಡಿಗೆ ಬೆಳಗಿನ ಜಾವದಲ್ಲಿ ಹಿಂದಿನಿಂದ ಇನ್ನೊಂದು ಬಂದು ಬಡಿಯುವದು, ಇದು ಈ ದಾರಿಯ ನಿತ್ಯದ ಅಂಜಿಕೆ. ೨೦೨೪ರ ಜೂನ ೨೮ರಂದು ಬ್ಯಾಡಗಿ ತಾಲೂಕಿನ ಗುಂಡೇನಹಳ್ಳಿ ಕ್ರಾಸಿನ ಹತ್ತಿರ ನಿಂತ ಲಾರಿಗೆ ಮಿನಿಬಸ್ಸು ಬಡಿದು, ದೇವರಿಗೆ ಹೋಗಿ ಮರಳುತ್ತಿದ್ದ ಭದ್ರಾವತಿ ತಾಲೂಕಿನ ೧೩ ಜನರು ಮಡಿದದ್ದನ್ನು ಜಿಲ್ಲೆಯು ಮರೆತಿಲ್ಲ.

ಇನ್ನೊಮ್ಮೆ ಇವರು ಒಂದಾದದ್ದು ಅದೇ ೨೦೨೪ರ ಜನವರಿಯ ಮೊದಲಲ್ಲಿ. ಅಪಘಾತ ಮಾಡಿ ತಿಳಿಸದೆ ಓಡಿಹೋದ ಚಾಲಕನಿಗೆ ೧೦ ವರ್ಷದ ವರೆಗೆ ಸೆರೆಯಿಡುವ ಹೊಸ ನ್ಯಾಯ ಸಂಹಿತೆಯ ಉಪಕಲಮಿನ ವಿರುದ್ಧ ದೇಶದ ಹಲವು ಕಡೆ ಡ್ರೈವರರು ಗಾಡಿ ನಿಲ್ಲಿಸಿದರು. ನಿಂತರೆ ಜನ ಹೊಡೆಯುವರು, ಓಡಿದರೆ ಸೆರೆ, ಎಂದು ಎಲ್ಲರ ಬಾಯಲ್ಲಿಯೂ ಒಂದೇ ಮಾತು. ಜುಲೈ ೧ಕ್ಕೆ ಸಂಹಿತೆಯು ಜಾರಿಗೆ ಬಂದಾಗ ಆ ಉಪಕಲಮನ್ನು ತಡೆಹಿಡಿಯಲಾಯಿತು. ಆ ಬಳಿಕ ಎಲ್ಲರೂ ತಮ್ಮ ತಮ್ಮ ಗಾಲಿಗಳ ಲೆಕ್ಕಕ್ಕೆ ಮರಳಿದರು.

ಈ ಲೆಕ್ಕವು ಹೊಟೆಲಿನ ಹೊರಸಿನ ಮಟ್ಟಿಗೆ ಇದ್ದರೆ ನಾವು ಲೇಖನಿಯನ್ನು ಹಿಡಿಯುತ್ತಿರಲಿಲ್ಲ. ಅದು ದಾರಿಯ ಮೇಲೆ ಇಳಿಯುವದು. ಹೆದ್ದಾರಿಯು ಎರಡೇ ಗಾಡಿಯ ಅಗಲವಿದ್ದ ಕಾಲದಲ್ಲಿ ಎದುರುಬದರು ಬಂದಾಗ ಡಾಂಬರಿನಿಂದ ಮಣ್ಣಿಗೆ ಯಾರು ಇಳಿಯಬೇಕೆಂಬದೇ ದೊಡ್ಡ ಪ್ರಶ್ನೆಯಾಗಿತ್ತು. ಕಾಯಿದೆಯ ಉತ್ತರವು ಬೇರೆ, ದಾರಿಯ ಉತ್ತರವು ಬೇರೆ: ಗಾಲಿ ಕಡಿಮೆಯಿದ್ದವನು ಇಳಿಯಬೇಕು. ಚಕ್ಕಡಿಯು ಲಾರಿಗೆ, ಸೈಕಲ್ಲು ಚಕ್ಕಡಿಗೆ, ನಡೆಯುವವನು ಎಲ್ಲರಿಗೆ. ೧೯೯೯ರ ತರುವಾಯ ಸುವರ್ಣ ಚತುಷ್ಕೋನದ ಯೋಜನೆಯಿಂದ ಹೆದ್ದಾರಿಯು ನಾಲ್ಕು ಪಥದ್ದಾಗಿ, ಹೋಗುವವರಿಗೂ ಬರುವವರಿಗೂ ನಡುವೆ ಕಟ್ಟೆ ಬಂದ ಮೇಲೆ ಲೈನಿನವರಿಗೆ ಈ ಪ್ರಶ್ನೆಯು ಅಳಿದುಹೋಯಿತು. ಸವಣೂರ, ಹಾನಗಲ್ಲಗಳ ಒಳದಾರಿಗಳಲ್ಲಿ, ಅದಕ್ಕೂ ಹೆಚ್ಚಾಗಿ ಘಟ್ಟದ ತಿರುವುಗಳಲ್ಲಿ ಅದು ಇನ್ನೂ ಜೀವಂತವಾಗಿದೆ. ಹೆದ್ದಾರಿಯಲ್ಲಿ ಪಳಗಿದವನು ಆ ದಾರಿಗೆ ಬಂದಾಗ ಅವನಿಗೆ ದಾರಿ ಬಿಡುವ ಅಭ್ಯಾಸವೇ ಇರುವದಿಲ್ಲ.

ಹಿರಿಯರು ಇದನ್ನು ವಿಚಾರಿಸದೆ ಬಿಟ್ಟಿಲ್ಲ. ಮನುಸ್ಮೃತಿಯ ಎರಡನೆಯ ಅಧ್ಯಾಯದಲ್ಲಿ ಯಾರು ಯಾರಿಗೆ ದಾರಿ ಕೊಡಬೇಕೆಂಬ ಒಂದು ಪಟ್ಟಿಯೇ ಉಂಟು: ಗಾಲಿಯ ವಾಹನದಲ್ಲಿ ಬರುವವನು, ತೊಂಬತ್ತು ದಾಟಿದ ಮುದುಕನು, ರೋಗಿ, ಭಾರ ಹೊತ್ತವನು, ಹೆಂಗಸು, ಸ್ನಾತಕನು, ಅರಸನು, ಮದುವಣಿಗನು. ನಾವು ಇದನ್ನು ಹೇಳಿದಾಗ ಹಿರೇಕೆರೂರಿನವನು, “ನೋಡ್ರಿ ಸರ, ಗಾಲಿ ಮೊದಲು ಬಂತು!” ಎಂದು ಹಿಗ್ಗಿದನು. ಇಬ್ಬರೂ ಗಾಲಿಯವರೇ ಆಗಿ ಎದುರಾದರೆ ಏನು ಮಾಡಬೇಕೆಂಬದನ್ನು ಸ್ಮೃತಿಯು ಹೇಳಿಲ್ಲ. ಹಟ ಹಿಡಿದವರ ಗತಿಯನ್ನು ಮಾತ್ರ ಮಹಾಭಾರತದ ಆದಿಪರ್ವವು ಹೇಳಿರುವದು. ಒಬ್ಬನೇ ನಡೆಯಬಹುದಾದ ಕಾಡಿನ ದಾರಿಯಲ್ಲಿ ಇಕ್ಷ್ವಾಕು ವಂಶದ ಕಲ್ಮಾಷಪಾದ ರಾಜನೂ, ವಸಿಷ್ಠರ ಹಿರಿಯ ಮಗನಾದ ಶಕ್ತಿಯೂ ಎದುರಾದರು. ತಾನು ಅರಸನೆಂದು ಅವನು, ತಾನು ಋಷಿಯೆಂದು ಇವನು. ಯಾರೂ ಒಂದು ಹೆಜ್ಜೆ ಹಿಂದೆ ಸರಿಯಲಿಲ್ಲ. ರಾಜನು ಚಾವಟಿಗೆಯಿಂದ ಹೊಡೆದನು. ಶಕ್ತಿಯು ರಾಕ್ಷಸನಾಗೆಂದು ಶಪಿಸಿದನು. ರಾಕ್ಷಸನಾದ ರಾಜನು ಮೊದಲು ತಿಂದದ್ದು ಶಪಿಸಿದ ಶಕ್ತಿಯನ್ನೇ. ತರುವಾಯ ಏನೂ ಅರಿಯದ ಅವನ ತೊಂಬತ್ತೊಂಬತ್ತು ತಮ್ಮಂದಿರನ್ನು.

೨೦೨೫ರ ಜನವರಿ ೨೨, ಬುಧವಾರ. ಕುಮಟೆಯ ಸಂತೆಯ ದಿವಸ. ಸವಣೂರಿನಿಂದ ಹಣ್ಣು ಕಾಯಿಪಲ್ಲೆಯನ್ನು ಹೇರಿಕೊಂಡು, ಹೇರಿನ ಮೇಲೆ ಅದನ್ನು ಮಾರುವ ವ್ಯಾಪಾರಿಗಳನ್ನೂ ಕುಳ್ಳಿರಿಸಿಕೊಂಡು ಹೊರಟ ಒಂದು ಲಾರಿಯು, ಬೆಳಕು ಹರಿಯುವ ಮುಂಚೆ ಯಲ್ಲಾಪುರದ ಹತ್ತಿರ ಅರಬೈಲು ಘಟ್ಟದ ದಾರಿಯಲ್ಲಿ ಕಣಿವೆಗೆ ಉರುಳಿತು. ಹತ್ತು ಜನರು ಮಡಿದರು. ಹದಿನೈದರಷ್ಟು ಜನರು ಗಾಯಗೊಂಡರು. ಮತ್ತೊಂದು ಗಾಡಿಗೆ ದಾರಿ ಕೊಡಲಿಕ್ಕೆಂದು ಎಡಕ್ಕೆ ಸರಿದಾಗ ಲಾರಿಯು ಅಂಚನ್ನು ಬಿಟ್ಟು ಕೆಳಗೆ ಹೋಯಿತೆಂದು ಪೋಲೀಸರು ತಿಳಿಸಿದರು. ಸವಣೂರಿನ ಪೇಟೆಯಲ್ಲಿ ನಾವು ವರ್ಷಗಟ್ಟಲೆ ಪಲ್ಲೆ ಕೊಂಡವರು. ತಕ್ಕಡಿಯ ದಂಡಿಗೆ ಹಿಡಿದ ಕೈಗಳ ಗುರುತು ಇರುವದೇ ಹೊರತು ಹೆಸರುಗಳು ಯಾರಿಗೆ ಗೊತ್ತಿರುವವು?

ಆ ವಾರ ತಡಸದ ಹೊಟೆಲಿನಲ್ಲಿ ಕೇಳಿದ ಮಾತುಗಳಿಂದ ನಮಗೆ ವ್ಯಸನವಾಯಿತು. ಸಾಮಾನಿನ ಗಾಡಿಯ ಮೇಲೆ ಜನರನ್ನು ಹೇರುವವನು ಡ್ರೈವರನೇ ಅಲ್ಲವೆಂದು ಫ್ಯಾನಿನ ಕೆಳಗಿನಿಂದ ಒಬ್ಬನು ಅಂದನು. ಕಾಯಿದೆಯ ದೃಷ್ಟಿಯಿಂದ ಅದು ನಿಜವೇ. ಆದರೆ ನಸುಕಿನ ಸಂತೆಗೆ ಸರಕು ಮತ್ತು ಸರಕಿನ ಒಡೆಯ ಇಬ್ಬರನ್ನೂ ಕೂಡಿಯೇ ಮುಟ್ಟಿಸುವ ಬಸ್ಸು ಯಾವದು ಎಂಬದಕ್ಕೆ ಅವನಲ್ಲಿ ಉತ್ತರವಿರಲಿಲ್ಲ. ಘಟ್ಟದಲ್ಲಿ ದೊಡ್ಡ ಗಾಡಿಯವರು ಒಂದು ಗೇಣೂ ಬಿಡುವದಿಲ್ಲವೆಂದು ಕಟ್ಟೆಯ ಮೇಲಿನವರು ಅಂದರು. ಎದುರಿನ ಗಾಡಿ ಯಾವದಾಗಿತ್ತು, ಅದರ ತಪ್ಪು ಇತ್ತೋ ಇಲ್ಲವೋ ನಾವು ಹೇಳತಕ್ಕವರಲ್ಲ. ಆದರೆ ಸತ್ತವರ ಮೇಲೆಯೂ ಗಾಲಿಗಳ ವ್ಯಾಜ್ಯವು ನಡೆಯುವದಲ್ಲ! ಸವಣೂರಿನ ನಮ್ಮ ಶಿಷ್ಯನು ಮಾತ್ರ ಆ ದಿವಸ ಏನೂ ಮಾತಾಡಲಿಲ್ಲ. ಮಡಿದವರ ಬುಟ್ಟಿಗಳನ್ನು ಅವನು ಎಷ್ಟೋ ಬುಧವಾರ ಹೊತ್ತವನು. ಹೊರಗೆ ಬಂದ ಮೇಲೆ ನಮ್ಮೊಬ್ಬರಿಗೇ ಹೇಳಿದನು: “ದಾರಿ ಬಿಡೋದಂದ್ರ ಸರಿಯೋದಲ್ರಿ ಸರ, ನಿಂದರೋದು. ಅಂಚು ಕಾಣದಿದ್ದಾಗ ಸರಿಯಬಾರದು. ಗಾಡಿ ನಿಲ್ಲಿಸಿ, ದೀಪಾ ಇಳಿಸಿ, ಕ್ಲೀನರನ್ನ ಕೆಳಗ ಇಳಿಸಬೇಕು. ಹಿಂದಿನವರು ಹಾರ್ನ್ ಹೊಡೀತಾರ, ಎದುರಿನಾಂವ ಬಯ್ತಾನ. ಬಯ್ಯಲಿ. ಬೈಗಳಾ ತಿನ್ನಾಕ ಎದಿ ಬೇಕ್ರಿ.” ಇಕ್ಕಟ್ಟಾದ ಘಟ್ಟದಲ್ಲಿ ಇಳಿಯುವವನು ಏರುವವನಿಗೆ ದಾರಿ ಕೊಡಬೇಕೆಂದು ನಿಯಮವುಂಟು. ಭಾರ ಹೊತ್ತು ಏರುವ ಗಾಡಿಯು ಒಮ್ಮೆ ನಿಂತರೆ ಮತ್ತೆ ಎದ್ದು ಹೊರಡುವದು ಕಷ್ಟ, ಅದಕ್ಕಾಗಿ. ಅಲ್ಲಿ ಗಾಲಿಗಳ ಎಣಿಕೆಗೆ ಸ್ಥಳವೇ ಇಲ್ಲ. ಯಾರಿಗೆ ನಿಲ್ಲುವದು ಸುಲಭವೋ ಅವರು ನಿಲ್ಲಬೇಕು. ಇಷ್ಟು ನ್ಯಾಯವಾದ ನಿಯಮವನ್ನು ನಾವು ಧರ್ಮಶಾಸ್ತ್ರದಲ್ಲಿಯೂ ಹೆಚ್ಚು ಕಂಡಿಲ್ಲ.

ಈ ವರ್ಷ ಹಿರೇಕೆರೂರಿನವನು ಒಂದು ಮುಂಜಾನೆ ನಮ್ಮ ಮನೆಗೇ ಬಂದನು. ಸಂಗಡ ಹತ್ತೊಂಬತ್ತು ವರ್ಷದ ಮಗ. ಹುಡುಗನಿಗೆ ಡ್ರೈವರನಾಗಬೇಕೆಂಬ ಹಟ. ಹಗುರ ವಾಹನದ ಲೈಸನ್ಸು ಕೈಗೆ ಬಂದಿತ್ತು. ಅದಕ್ಕೆ ಒಂದು ವರ್ಷ ತುಂಬದೆ ಭಾರೀ ಗಾಡಿಯನ್ನು ಕಲಿಯುವ ಲೈಸನ್ಸು ಕೊಡುವದಿಲ್ಲ, ಇಪ್ಪತ್ತು ವರ್ಷ ತುಂಬದೆ ಸಾಗಾಟದ ಗಾಡಿಯನ್ನು ನಡೆಸಗೊಡುವದಿಲ್ಲ. ಆ ಒಂದು ವರ್ಷ ಅವನನ್ನು ಯಾರ ಕೈಯಲ್ಲಿ ಕೊಡಬೇಕೆಂಬದೇ ಪ್ರಶ್ನೆ. ನಿನ್ನ ಗಾಡಿಯಲ್ಲಿಯೇ ಇಟ್ಟುಕೊಳ್ಳಬಾರದೇ ಎಂದು ನಾವು ಕೇಳಿದೆವು. ಅವನು ಬಹಳ ಹೊತ್ತು ಟೋಪಿಯನ್ನು ಕೈಯಲ್ಲಿ ತಿರುವುತ್ತ ಕುಳಿತು, “ನನ್ನ ಗಾಡ್ಯಾಗ ಏನು ಕಲೀತಾನ್ರಿ? ನಾಲ್ಕು ಪಥದ ಮ್ಯಾಲೆ ನೆಟ್ಟಗ ಹೋಗೋದು ಕಲೀತಾನ. ಆ ಎಲಿಗಾಡಿ ಕಡೆ ಇಡಬೇಕಂತ ಮಾಡೇನಿ. ಮೊದಲು ದಾರಿ ಬಿಡೋದು ಕಲೀಲಿ. ನೀವು ಅವಗ ಒಂದು ಮಾತು ಹೇಳ್ರಿ” ಎಂದನು. ನೀನೇ ಯಾಕೆ ಹೇಳಬಾರದೆಂದರೆ, “ನಾ ಹ್ಯಾಂಗ ಕೇಳಲಿ ಸರ?” ಎಂದು ನೆಲವನ್ನು ನೋಡಿದನು.

ನಾವು ಸವಣೂರಿಗೆ ಹೋಗಿ ಕೇಳಿದೆವು. ಎಲೆಯ ಪೆಂಡಿಗಳಿಗೆ ನೀರು ಹೊಡೆಯುತ್ತಿದ್ದ ಅವನು ಒಮ್ಮೆ ನಕ್ಕನು. ಬಳಿಕ ನಗೆಯನ್ನು ನಿಲ್ಲಿಸಿ ಮೂರು ಕರಾರು ಹೇಳಿದನು. ಆರು ತಿಂಗಳ ವರೆಗೆ ಸ್ಟೇರಿಂಗ್ ಮುಟ್ಟಬಾರದು. ಮಂಜು ಬಿದ್ದ ಘಟ್ಟದಲ್ಲಿ ಇಳಿದು ಬ್ಯಾಟರಿ ಹಿಡಿದು ಗಾಡಿಯ ಮುಂದೆ ನಡೆಯಬೇಕು. ಹೊಟೆಲಿನಲ್ಲಿ ಕಟ್ಟೆಯ ಮೇಲೆಯೇ ಉಣ್ಣಬೇಕು. ಹುಡುಗನು ಒಪ್ಪಿದನು. ಈಗ ನಾಲ್ಕು ತಿಂಗಳಾಯಿತು. ಅವನ ಬೂಟಿನ ತಳ ಸವೆದಿದೆಯೆಂದು ಅವನ ತಾಯಿಯು ನಮ್ಮ ಮನೆಯವರ ಮುಂದೆ ಹೇಳಿಕೊಂಡಳಂತೆ.

ತಂದೆಯು ರವಿವಾರ ರಾತ್ರಿ ಎಲ್ಲಿದ್ದರೂ ನಮಗೆ ಫೋನು ಮಾಡುವನು. ಸವಣೂರಿನವನ ನಂಬರು ಅವನಲ್ಲಿ ಇಲ್ಲವೆಂದಲ್ಲ. “ಹುಡುಗ ಸ್ಟೇರಿಂಗ್ ಮುಟ್ಟಿದ್ನೇನ್ರಿ ಸರ?” ಎಂದು ಕೇಳುವನು. ಇನ್ನೂ ಇಲ್ಲವೆಂದು ನಾವು ಹೇಳುವೆವು. “ಛಲೋ ಆತ ಬಿಡ್ರಿ” ಎಂದು ಫೋನು ಇಡುವನು.